ಪದ ಒಂದು, ಕೆಲಸ ಹಲವು

ಔಷಧದ ಸೀಸೆಗೆ ಅಂಟಿಸಿದ ಚೀಟಿಯ ಮೇಲೆ ‘ಶೇಕ್ ವೆಲ್ ಬಿಫೋರ್ ಯೂಸ್’ ಎಂಬ ನಾಲ್ಕು ಪದಗಳ ಸೂಚನೆಯೊಂದು ಅನೇಕ ವೇಳೆ ಇರುತ್ತದೆ. ಇಂಗ್ಲಿಷನ್ನು ಹೊಸದಾಗಿ ಕಲಿಯುತ್ತಿರುವ ವಿದ್ಯಾರ್ಥಿಯೊಬ್ಬನು ಇದರ ಅರ್ಥವನ್ನು ತಿಳಿಯಲೆಂದು ನಿಘಂಟನ್ನು ತೆರೆದನೆಂದು ಇಟ್ಟುಕೊಳ್ಳಬಹುದು. ‘ಶೇಕ್’ ಎಂದರೆ ಅಲುಗಾಡಿಸು; ‘ವೆಲ್’ ಎಂದರೆ ಬಾವಿ; ‘ಬಿಫೋರ್’ ಎಂದರೆ ಮೊದಲು; ‘ಯೂಸ್’ ಎಂದರೆ ಉಪಯೋಗಿಸು. ನಾಲ್ಕು ಪದಗಳಿಗೂ ಅರ್ಥ ದೊರೆಯಿತು. ಸೂಚನೆಯ ಅರ್ಥ ಮಾತ್ರ ದೊರೆಯಲಿಲ್ಲ. ಔಷಧಕ್ಕೂ ಬಾವಿಗೂ ಏನು ಸಂಬಂಧ? ನಿಘಂಟು ಸುಳ್ಳನ್ನು ಹೇಳಿಲ್ಲ, ವಿದ್ಯಾರ್ಥಿಯೂ ಶ್ರಮಪಡದೆ ಇರಲಿಲ್ಲ. ಆದರೆ ಆತನು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಈ ಪದವು ಈ ವಾಕ್ಯದಲ್ಲಿ ಯಾವ ಕೆಲಸವನ್ನು ಮಾಡುತ್ತಿದೆ ಎಂಬುದೇ ಆ ಪ್ರಶ್ನೆ. ಇಲ್ಲಿ ‘ವೆಲ್’ ಎಂಬುದು ವಸ್ತುವಿನ ಹೆಸರಲ್ಲ. ಅಲುಗಾಡಿಸುವ ರೀತಿಯನ್ನು ತಿಳಿಸುವ ಕ್ರಿಯಾವಿಶೇಷಣ. ‘ಯೂಸ್’ ಎಂಬುದು ಇಲ್ಲಿ ಕ್ರಿಯಾಪದವಲ್ಲ. ಉಪಯೋಗ ಎಂಬ ನಾಮಪದ. ‘ಉಪಯೋಗಕ್ಕೆ ಮೊದಲು ಚೆನ್ನಾಗಿ ಅಲುಗಾಡಿಸಿರಿ’ ಎಂಬುದೇ ಅದರ ತಾತ್ಪರ್ಯ.

ವಾಕ್ಯದಲ್ಲಿ ಪದಗಳು ಮಾಡುವ ಕೆಲಸವನ್ನು ಅನುಸರಿಸಿ ಅವುಗಳನ್ನು ಗುಂಪುಗಳಾಗಿ ವಿಂಗಡಿಸುವುದು ಬಹು ಪ್ರಾಚೀನವಾದ ಪದ್ಧತಿ. ಈ ಗುಂಪುಗಳಿಗೆ ಪದವರ್ಗಗಳೆಂದು ಹೆಸರು; ಇಂಗ್ಲಿಷಿನಲ್ಲಿ ಇವನ್ನೇ ‘ಪಾರ್ಟ್ಸ್ ಆಫ್ ಸ್ಪೀಚ್’ ಎನ್ನುತ್ತಾರೆ. ನಮ್ಮ ದೇಶದಲ್ಲಿ ಯಾಸ್ಕನು ತನ್ನ ನಿರುಕ್ತದಲ್ಲಿ ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂಬ ನಾಲ್ಕು ವಿಧಗಳನ್ನು ಹೇಳಿದನು. ಪಾಣಿನಿಯು ಸುಬಂತ, ತಿಙಂತ ಎಂಬ ಎರಡರಲ್ಲಿಯೇ ಪದಗಳೆಲ್ಲವನ್ನೂ ಅಡಕಗೊಳಿಸಿದನು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಮಕ್ಕೂ ಆಖ್ಯಾತಕ್ಕೂ ಅವ್ಯಯಕ್ಕೂ ಬೇರೆ ಬೇರೆ ಪ್ರಕರಣಗಳನ್ನು ಮೀಸಲಿಟ್ಟನು. ಅತ್ತ ಗ್ರೀಸಿನಲ್ಲಿ ಡಯೊನೀಸಿಯಸ್ ಥ್ರಾಕ್ಸ್ ಎಂಬವನ ಹೆಸರಿನಲ್ಲಿ ಬಂದಿರುವ ವ್ಯಾಕರಣವು ಎಂಟು ವರ್ಗಗಳನ್ನು ಎಣಿಸಿತು. ಅದನ್ನು ಲ್ಯಾಟಿನ್ ಪಂಡಿತರು ತಮ್ಮ ಭಾಷೆಗೆ ಹೊಂದಿಸಿಕೊಂಡರು. ಲ್ಯಾಟಿನ್ನಿನಲ್ಲಿ ‘ದಿ’ ಎಂಬಂಥ ಪದವಿಲ್ಲವಾದುದರಿಂದ ಆ ವರ್ಗವನ್ನು ಬಿಟ್ಟು, ಅದಕ್ಕೆ ಬದಲಾಗಿ ಹರ್ಷ ಆಶ್ಚರ್ಯಗಳನ್ನು ಸೂಚಿಸುವ ಪದಗಳ ವರ್ಗವೊಂದನ್ನು ಸೇರಿಸಿದರು. ಲ್ಯಾಟಿನ್ನಿನ ಈ ಅಚ್ಚಿನಲ್ಲಿಯೇ ಇಂಗ್ಲಿಷ್ ವ್ಯಾಕರಣಗಳೂ ಎರಕಗೊಂಡವು. 1795ರಲ್ಲಿ ಪ್ರಕಟವಾಗಿ ಶಾಲೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಲಿಂಡ್ಲಿ ಮರೆಯ ವ್ಯಾಕರಣವು ಒಂಬತ್ತು ವರ್ಗಗಳನ್ನು ಹೇಳುತ್ತದೆ. ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಕಲಿಸುವುದು ಎಂಟನ್ನು: ನಾಮಪದ, ಸರ್ವನಾಮ, ವಿಶೇಷಣ, ಕ್ರಿಯಾಪದ, ಕ್ರಿಯಾವಿಶೇಷಣ, ಪ್ರಿಪೊಸಿಷನ್, ಸಂಯೋಜಕ, ಭಾವಸೂಚಕ. ಒಬ್ಬರಿಗೆ ಎರಡು, ಒಬ್ಬರಿಗೆ ನಾಲ್ಕು, ಇನ್ನೊಬ್ಬರಿಗೆ ಒಂಬತ್ತು ಎಂದಮೇಲೆ ಈ ಸಂಖ್ಯೆಯು ಆಕಾಶದಿಂದ ಇಳಿದುಬಂದದ್ದಲ್ಲ ಎಂಬುದು ಸ್ಪಷ್ಟ. ಭಾಷೆಯ ಸ್ವಭಾವವನ್ನು ನೋಡಿ, ಅನುಕೂಲವನ್ನು ನೋಡಿ ಪಂಡಿತರು ಮಾಡಿಕೊಂಡ ವ್ಯವಸ್ಥೆ ಅದು.

ಕನ್ನಡದ ಸ್ವಭಾವವೇ ಬೇರೆ, ಇಂಗ್ಲಿಷಿನ ಸ್ವಭಾವವೇ ಬೇರೆ. ‘ಲೊಬ್ಬನು ಗಿರುಪನ್ನು ತಿಮ್ಮಿದನು’ ಎಂಬ ವಾಕ್ಯವನ್ನು ಗಮನಿಸಿರಿ. ಇದರಲ್ಲಿರುವ ಮೂರು ಪದಗಳಿಗೂ ಅರ್ಥವಿಲ್ಲ. ಯಾವ ನಿಘಂಟಿನಲ್ಲಿಯೂ ಅವು ದೊರೆಯಲಾರವು. ಆದರೂ ಕನ್ನಡ ಬಲ್ಲ ಚಿಕ್ಕ ಹುಡುಗಿಯು ಸಹ ‘ತಿಮ್ಮಿದವನು ಯಾರು?’ ಎಂದು ಕೇಳಿದರೆ ‘ಲೊಬ್ಬ’ ಎನ್ನುವಳು, ‘ಏನನ್ನು ತಿಮ್ಮಿದನು?’ ಎಂದರೆ ‘ಗಿರುಪನ್ನು’ ಎನ್ನುವಳು. ಅರ್ಥ ತಿಳಿಯದಿದ್ದರೂ ಕೆಲಸ ತಿಳಿಯಿತು. ‘ಉ’, ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯಗಳೂ ‘ಇದನು’ ಎಂಬ ಕ್ರಿಯಾಪದದ ತುದಿಯೂ ಅದನ್ನು ತಿಳಿಸಿಬಿಟ್ಟವು. ‘ಗಿರುಪನ್ನು ಲೊಬ್ಬನು ತಿಮ್ಮಿದನು’ ಎಂದು ಸ್ಥಾನವನ್ನು ಪಲ್ಲಟಗೊಳಿಸಿದರೂ ಅರ್ಥ ಕೆಡುವುದಿಲ್ಲ. ಯಕ್ಷಗಾನದ ಪಾತ್ರಧಾರಿಯು ರಂಗಸ್ಥಳದ ಯಾವ ಮೂಲೆಯಲ್ಲಿ ನಿಂತಿದ್ದರೂ ಕಿರೀಟವನ್ನೂ ಮುಖವರ್ಣಿಕೆಯನ್ನೂ ನೋಡಿ ಪ್ರೇಕ್ಷಕರು ಪಾತ್ರವನ್ನು ಗುರುತಿಸುತ್ತಾರೆ. ಕನ್ನಡದ ಪದವು ಬಹುಮಟ್ಟಿಗೆ ಹೀಗೆ ವೇಷ ಧರಿಸಿಯೇ ವಾಕ್ಯಕ್ಕೆ ಬರುತ್ತದೆ.

ಇಂಗ್ಲಿಷಿನ ಪದವಾದರೋ ಅನೇಕ ವೇಳೆ ವೇಷವಿಲ್ಲದೆ ಬರುತ್ತದೆ. ಅದು ಎಲ್ಲಿ ನಿಂತಿದೆ ಎಂಬುದರಿಂದಲೇ ಪಾತ್ರವನ್ನು ಊಹಿಸಬೇಕು. ‘ವಿ ವಾಟರ್ ದಿ ಪ್ಲಾಂಟ್ಸ್’ ಎಂದರೆ ನಾವು ಗಿಡಗಳಿಗೆ ನೀರೆರೆಯುತ್ತೇವೆ. ‘ವಿ ಪ್ಲಾಂಟ್ ಟ್ರೀಸ್ ನಿಯರ್ ದಿ ವಾಟರ್’ ಎಂದರೆ ನಾವು ನೀರಿನ ಬಳಿ ಮರಗಳನ್ನು ನೆಡುತ್ತೇವೆ. ಮೊದಲನೆಯ ವಾಕ್ಯದಲ್ಲಿ ‘ವಾಟರ್’ ಕ್ರಿಯಾಪದ, ‘ಪ್ಲಾಂಟ್’ ನಾಮಪದ. ಎರಡನೆಯದರಲ್ಲಿ ‘ಪ್ಲಾಂಟ್’ ಕ್ರಿಯಾಪದ, ‘ವಾಟರ್’ ನಾಮಪದ. ಎರಡು ಪದಗಳೂ ತಮ್ಮ ಕೆಲಸವನ್ನು ಪರಸ್ಪರ ಬದಲಾಯಿಸಿಕೊಂಡಿವೆ. ‘ವಾಟರ್ ಎಂಬುದು ಯಾವ ಪದವರ್ಗ?’ ಎಂದು ಬರಿಯ ಪದವನ್ನು ಮುಂದಿಟ್ಟು ಕೇಳಿದರೆ ಉತ್ತರ ಹೇಳುವಂತಿಲ್ಲ. ‘ಯಾವ ವಾಕ್ಯದಲ್ಲಿ?’ ಎಂಬ ಮರುಪ್ರಶ್ನೆಯೇ ಅದಕ್ಕೆ ಸರಿಯಾದ ಉತ್ತರ.

ಹೀಗೆ ಒಂದು ಪದ ಹಲವು ಕೆಲಸಗಳನ್ನು ಮಾಡುವುದು ಕನ್ನಡಕ್ಕೆ ತೀರ ಹೊಸತೇನೂ ಅಲ್ಲ. ‘ಒಂದು ಹಾಡು ಹಾಡು’ ಎಂಬಲ್ಲಿ ಮೊದಲನೆಯ ‘ಹಾಡು’ ನಾಮಪದ, ಎರಡನೆಯದು ಕ್ರಿಯಾಪದ. ‘ಓದು’, ‘ನಗು’ ಇವೂ ಇಂಥವೇ. ‘ಕಾಡು’ ಎಂಬುದರ ಸಂಗತಿ ಸ್ವಲ್ಪ ಬೇರೆ. ಅರಣ್ಯ ಎಂಬ ಅರ್ಥದ ‘ಕಾಡು’ ಒಂದು, ಪೀಡಿಸು ಎಂಬ ಅರ್ಥದ ‘ಕಾಡು’ ಇನ್ನೊಂದು. ರೂಪ ಒಂದಾದರೂ ಅರ್ಥಗಳು ಒಂದನ್ನೊಂದು ಮುಟ್ಟುವುದಿಲ್ಲ. ಇಂಗ್ಲಿಷಿನಲ್ಲಿಯೂ ಈ ಎರಡು ಬಗೆಗಳುಂಟು. ನೀರು ಎಂಬ ಅರ್ಥದ ‘ವಾಟರ್’ ಮತ್ತು ನೀರೆರೆ ಎಂಬ ಅರ್ಥದ ‘ವಾಟರ್’ ‘ಹಾಡು’ವಿನಂತೆ ಒಂದೇ ಕುಟುಂಬದವು. ಬಾವಿ ಎಂಬ ಅರ್ಥದ ‘ವೆಲ್’ ಮತ್ತು ಚೆನ್ನಾಗಿ ಎಂಬ ಅರ್ಥದ ‘ವೆಲ್’ ‘ಕಾಡು’ವಿನಂತೆ ರೂಪದಲ್ಲಿ ಮಾತ್ರ ಒಂದಾದವು, ಅವುಗಳ ಮೂಲವೇ ಬೇರೆ ಬೇರೆ. ಈ ಪುಟ್ಟ ‘ವೆಲ್’ ಐದು ಕೆಲಸಗಳನ್ನು ಮಾಡಬಲ್ಲುದು. ‘ದಿ ವೆಲ್ ಈಸ್ ಡೀಪ್’ ಎಂದಾಗ ಬಾವಿ ಎಂಬ ನಾಮಪದ. ‘ಷಿ ಸಿಂಗ್ಸ್ ವೆಲ್’ ಎಂದಾಗ ಚೆನ್ನಾಗಿ ಎಂಬ ಕ್ರಿಯಾವಿಶೇಷಣ. ‘ಷಿ ಈಸ್ ವೆಲ್’ ಎಂದಾಗ ಆರೋಗ್ಯವಾಗಿರುವ ಸ್ಥಿತಿಯನ್ನು ಹೇಳುವ ವಿಶೇಷಣ. ‘ಟಿಯರ್ಸ್ ವೆಲ್ ಅಪ್’ ಎಂದಾಗ ಕಣ್ಣೀರು ಉಕ್ಕುವುದನ್ನು ತಿಳಿಸುವ ಕ್ರಿಯಾಪದ. ಮಾತಿನ ಮೊದಲಿಗೆ ‘ವೆಲ್!’ ಎಂದು ಉದ್ಗರಿಸಿದಾಗ ಭಾವಸೂಚಕ.

ಇಂಗ್ಲಿಷಿಗೆ ಈ ಸ್ಥಿತಿ ಬಂದುದು ಹೇಗೆ? ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಪದಗಳಿಗೆ ಕನ್ನಡದಲ್ಲಿರುವಂತೆಯೇ ಅನೇಕ ಪ್ರತ್ಯಯಗಳು ಸೇರುತ್ತಿದ್ದವು. ಪ್ರೀತಿ ಎಂಬ ನಾಮಪದವು ‘ಲುವು’ ಎಂದಿತ್ತು. ಪ್ರೀತಿಸು ಎಂಬ ಕ್ರಿಯಾಪದವು ‘ಲುವಿಯನ್’ ಎಂದಿತ್ತು. ಗಟ್ಟಿಯಾದ ಎಂಬ ವಿಶೇಷಣವು ‘ಫ್ಯಾಸ್ಟ್’. ಗಟ್ಟಿಯಾಗಿ ಎಂಬ ಕ್ರಿಯಾವಿಶೇಷಣವು ‘ಫ್ಯಾಸ್ಟೆ’. ಕಾಲಕ್ರಮದಲ್ಲಿ, ಆಡುವವರ ನಾಲಗೆಯಲ್ಲಿ ಈ ಪದಾಂತ್ಯಗಳು ಹೊಳೆಯ ಕಲ್ಲಿನಂತೆ ಸವೆದುಹೋದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಈ ಸವೆತವು ಇನ್ನೂ ಮುಂದುವರಿಯಿತು. ಕೊನೆಗೆ ‘ಲುವು’, ‘ಲುವಿಯನ್’ ಎರಡೂ ‘ಲವ್’ ಆದವು; ‘ಫ್ಯಾಸ್ಟ್’, ‘ಫ್ಯಾಸ್ಟೆ’ ಎರಡೂ ‘ಫಾಸ್ಟ್’ ಆದವು. ಪ್ರತ್ಯಯಗಳು ಮಾಡುತ್ತಿದ್ದ ಕೆಲಸವನ್ನು ಪದಗಳ ಸ್ಥಾನವೂ ‘ಟು’, ‘ಆಫ್’, ‘ವಿತ್’ ಮುಂತಾದ ಚಿಕ್ಕ ಪದಗಳೂ ವಹಿಸಿಕೊಂಡವು. ಈಗ ‘ಎ ಫಾಸ್ಟ್ ಟ್ರೈನ್’ ಎಂದರೆ ವೇಗವಾದ ರೈಲು. ‘ದಿ ಟ್ರೈನ್ ರನ್ಸ್ ಫಾಸ್ಟ್’ ಎಂದರೆ ರೈಲು ವೇಗವಾಗಿ ಓಡುತ್ತದೆ. ಉಪವಾಸ ಎಂಬ ಅರ್ಥದ ‘ಫಾಸ್ಟ್’ ಕೂಡ ಗಟ್ಟಿಯಾಗಿ ವ್ರತವನ್ನು ಹಿಡಿಯುವುದು ಎಂಬ ಆ ಹಳೆಯ ಅರ್ಥದಿಂದಲೇ ಬಂದುದು. ರಾತ್ರಿಯ ಉಪವಾಸವನ್ನು ಮುರಿಯುವ ಊಟವೇ ‘ಬ್ರೇಕ್‌ಫಾಸ್ಟ್’.

ಹಾಗಾದರೆ ವಾಕ್ಯದಲ್ಲಿ ಪದದ ವರ್ಗವನ್ನು ಕಂಡುಹಿಡಿಯುವ ಬಗೆ ಹೇಗೆ? ಮೊದಲು ನೋಡಬೇಕಾದುದು ನೆರೆಹೊರೆಯನ್ನು. ‘ಎ’, ‘ಆನ್’, ‘ದಿ’, ‘ಮೈ’, ‘ಹಿಸ್’ ಮುಂತಾದ ಪದಗಳು ಬಂದರೆ ಮುಂದೆ ಒಂದು ನಾಮಪದ ಬರಲಿದೆ ಎಂದು ತಿಳಿಯಬೇಕು. ಅವೆರಡರ ನಡುವೆ ‘ದಿ ಓಲ್ಡ್ ವೆಲ್’ ಎಂಬಲ್ಲಿಯಂತೆ ವಿಶೇಷಣವು ಸೇರಿಕೊಳ್ಳಬಹುದು. ‘ವಿಲ್’, ‘ಕ್ಯಾನ್’, ‘ಮಸ್ಟ್’ ಎಂಬ ಸಹಾಯಕಗಳು ಬಂದರೆ ಮುಂದೆ ಕ್ರಿಯಾಪದವನ್ನು ನಿರೀಕ್ಷಿಸಬಹುದು. ‘ಹಿಸ್ ವರ್ಕ್ಸ್’ ಎಂದರೆ ಅವನ ಕೃತಿಗಳು. ‘ಹಿ ವರ್ಕ್ಸ್’ ಎಂದರೆ ಅವನು ದುಡಿಯುತ್ತಾನೆ. ‘ವರ್ಕ್ಸ್’ ಎಂಬುದರಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಅದರ ಹಿಂದಿರುವ ಪದ ಬದಲಾದುದರಿಂದ ಅದರ ವರ್ಗವೇ ಬದಲಾಯಿತು.

ಎರಡನೆಯದಾಗಿ ರೂಪವನ್ನು ನೋಡಬೇಕು. ‘ನೆಸ್’, ‘ಮೆಂಟ್’ ಎಂದು ಮುಗಿಯುವ ಪದಗಳು ಬಹುಮಟ್ಟಿಗೆ ನಾಮಪದಗಳು. ‘ಫುಲ್’, ‘ಲೆಸ್’ ಎಂದು ಮುಗಿಯುವವು ಹೆಚ್ಚಾಗಿ ವಿಶೇಷಣಗಳು. ‘ಲಿ’ ಎಂದು ಮುಗಿಯುವವು ಸಾಮಾನ್ಯವಾಗಿ ಕ್ರಿಯಾವಿಶೇಷಣಗಳು. ಆದರೆ ರೂಪವನ್ನು ಕುರುಡಾಗಿ ನಂಬಬಾರದು. ‘ಫ್ರೆಂಡ್ಲಿ’, ‘ಲವ್ಲಿ’ ಎಂಬವು ‘ಲಿ’ ಎಂದು ಮುಗಿದರೂ ವಿಶೇಷಣಗಳೇ. ‘ಹಾರ್ಡ್’ ಎಂಬ ವಿಶೇಷಣಕ್ಕೆ ‘ಲಿ’ ಸೇರಿಸಿದರೆ ಕ್ರಿಯಾವಿಶೇಷಣವಾಗುತ್ತದೆಂದು ಎಣಿಸಿ ‘ಹಿ ಹಾರ್ಡ್ಲಿ ವರ್ಕ್ಸ್’ ಎಂದು ಬರೆದರೆ ‘ಅವನು ಕೆಲಸ ಮಾಡುವುದೇ ಅಪರೂಪ’ ಎಂಬ ಅರ್ಥ ಬರುತ್ತದೆ. ‘ಅವನು ಕಷ್ಟಪಟ್ಟು ದುಡಿಯುತ್ತಾನೆ’ ಎನ್ನಲು ‘ಹಿ ವರ್ಕ್ಸ್ ಹಾರ್ಡ್’ ಎಂದೇ ಹೇಳಬೇಕು. ಹೊಗಳಲು ಹೊರಟವನು ಒಂದು ಪ್ರತ್ಯಯದ ದೆಸೆಯಿಂದ ತೆಗಳಿದಂತಾಗುವುದು ಎಂಥ ವಿಪರ್ಯಾಸ!

ಮೂರನೆಯದಾಗಿ ಉಚ್ಚಾರಣೆಯನ್ನು ಗಮನಿಸಬೇಕು. ‘ರೆಕಾರ್ಡ್’, ‘ಪ್ರೆಸೆಂಟ್’, ‘ಪರ್ಮಿಟ್’ ಇಂಥ ಪದಗಳ ಮೊದಲ ಭಾಗವನ್ನು ಒತ್ತಿ ಹೇಳಿದರೆ ಸಾಮಾನ್ಯವಾಗಿ ನಾಮಪದ; ಎರಡನೆಯ ಭಾಗವನ್ನು ಒತ್ತಿದರೆ ಕ್ರಿಯಾಪದ. ‘ಯೂಸ್’ ಎಂದು ಮುಗಿಸಿದರೆ ಉಪಯೋಗ; ‘ಯೂಜ್’ ಎಂಬಂತೆ ಮೃದುವಾಗಿ ಮುಗಿಸಿದರೆ ಉಪಯೋಗಿಸು. ಎರಡಕ್ಕೂ ಬರವಣಿಗೆ ಒಂದೇ. ಆದುದರಿಂದ ಪದವರ್ಗವನ್ನು ಅರಿಯದವನಿಗೆ ಗಟ್ಟಿಯಾಗಿ ಓದುವುದೂ ಕಷ್ಟವಾಗುತ್ತದೆ.

ಇವೆಲ್ಲಕ್ಕೂ ಮಿಗಿಲಾದ ಇನ್ನೊಂದು ಸಾಧನವು ಕನ್ನಡ ವಿದ್ಯಾರ್ಥಿಯ ಬಳಿ ಈಗಾಗಲೇ ಇದೆ. ಅದು ಆತನ ಮಾತೃಭಾಷೆ. ಇಂಗ್ಲಿಷ್ ಮರೆಮಾಡುವ ಕೆಲಸವನ್ನು ಕನ್ನಡವು ಬಯಲು ಮಾಡುತ್ತದೆ. ‘ದಟ್ ಟ್ರೀ’ ಎಂದರೆ ಆ ಮರ. ‘ದಟ್ ಈಸ್ ಎ ಟ್ರೀ’ ಎಂದರೆ ಅದು ಮರ. ‘ಷಿ ಸೇಸ್ ದಟ್ ಇಟ್ ಈಸ್ ಎ ಟ್ರೀ’ ಎಂದರೆ ಅದು ಮರವೆಂದು ಅವಳು ಹೇಳುತ್ತಾಳೆ. ಇಂಗ್ಲಿಷಿನ ಒಂದೇ ‘ದಟ್’ ಕನ್ನಡದಲ್ಲಿ ‘ಆ’, ‘ಅದು’, ‘ಎಂದು’ ಎಂದು ಮೂರಾಗಿ ಒಡೆಯಿತು. ಮೊದಲನೆಯದು ವಿಶೇಷಣ, ಎರಡನೆಯದು ಸರ್ವನಾಮ, ಮೂರನೆಯದು ಎರಡು ವಾಕ್ಯಗಳನ್ನು ಬೆಸೆಯುವ ಸಂಯೋಜಕ. ಹಾಗೆಯೇ ‘ಆಫ್ಟರ್ ದಿ ರೈನ್’ ಎಂದರೆ ಮಳೆಯ ನಂತರ. ಇಲ್ಲಿ ‘ಆಫ್ಟರ್’ ನಾಮಪದದ ಹಿಂದೆ ನಿಂತು ಅದರ ಸಂಬಂಧವನ್ನು ತಿಳಿಸುವ ಪ್ರಿಪೊಸಿಷನ್. ‘ಆಫ್ಟರ್ ದಿ ರೈನ್ ಸ್ಟಾಪ್ಡ್’ ಎಂದರೆ ಮಳೆ ನಿಂತ ಮೇಲೆ. ಇಲ್ಲಿ ಅದರ ಮುಂದೆ ಕ್ರಿಯಾಪದವುಳ್ಳ ಉಪವಾಕ್ಯವೇ ಇರುವುದರಿಂದ ಅದು ಸಂಯೋಜಕ.

ಕನ್ನಡಿಗರು ಇಂಗ್ಲಿಷ್ ಪದಗಳನ್ನು ಎರವಲು ತರುವ ರೀತಿಯಲ್ಲಿಯೂ ಈ ತಿಳಿವಳಿಕೆ ಕೆಲಸ ಮಾಡುತ್ತಿರುತ್ತದೆ. ‘ಬುಕ್ ಎ ಟಿಕೆಟ್’ ಎಂದು ಇಂಗ್ಲಿಷಿನವನು ‘ಬುಕ್’ ಎಂಬುದನ್ನು ಬರಿದೆ ಕ್ರಿಯಾಪದವನ್ನಾಗಿ ಬಳಸುತ್ತಾನೆ. ಕನ್ನಡಿಗನು ‘ಟಿಕೆಟ್ ಬುಕ್ಕಿದೆ’ ಎನ್ನುವುದಿಲ್ಲ. ‘ಬುಕ್ ಮಾಡಿದೆ’ ಎನ್ನುತ್ತಾನೆ. ‘ಮಾಡು’, ‘ಆಗು’ ಎಂಬ ಕ್ರಿಯಾಪದಗಳ ಆಸರೆಯಿಲ್ಲದೆ ಹೊರಗಿನ ಪದವನ್ನು ಕ್ರಿಯಾಪದವೆಂದು ಕನ್ನಡವು ಸುಲಭವಾಗಿ ಒಪ್ಪುವುದಿಲ್ಲ. ‘ಗೂಗಲ್’ ಎಂಬ ಹೆಸರು ಕ್ರಿಯಾಪದವಾಗಿ 2006ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಸೇರಿತು. ಕನ್ನಡದಲ್ಲಿ ಅದೂ ‘ಗೂಗಲ್ ಮಾಡು’ ಎಂದೇ ಆಯಿತು. ಆದುದರಿಂದ ಇಂಗ್ಲಿಷ್ ಪದವೊಂದನ್ನು ಕನ್ನಡ ವಾಕ್ಯದಲ್ಲಿ ಇಟ್ಟುನೋಡಿದಾಗ ಅದು ‘ಮಾಡು’ ಎಂಬುದನ್ನು ಬೇಡಿದರೆ ಕ್ರಿಯಾಪದವಿರಬಹುದು. ‘ಆದ’ ಎಂಬುದನ್ನು ಬೇಡಿದರೆ ವಿಶೇಷಣವಿರಬಹುದು. ‘ಆಗಿ’ ಎಂಬುದನ್ನು ಬೇಡಿದರೆ ಕ್ರಿಯಾವಿಶೇಷಣವಿರಬಹುದು. ‘ಅನ್ನು’, ‘ಇಗೆ’, ‘ಇಂದ’ ಎಂಬ ವಿಭಕ್ತಿಯನ್ನು ಬೇಡಿದರೆ ನಾಮಪದವಿರಬಹುದು.

‘ಇರಬಹುದು’ ಎಂದು ಹೇಳಿದುದಕ್ಕೆ ಕಾರಣವುಂಟು. ಎರಡು ಭಾಷೆಗಳು ಒಂದೇ ಭಾವವನ್ನು ಒಂದೇ ವರ್ಗದ ಪದದಿಂದ ಹೇಳಬೇಕೆಂಬ ನಿಯಮವೇನೂ ಇಲ್ಲ. ‘ಐ ಆಮ್ ಹಂಗ್ರಿ’ ಎಂಬಲ್ಲಿ ‘ಹಂಗ್ರಿ’ ವಿಶೇಷಣ. ಕನ್ನಡದಲ್ಲಿ ‘ನನಗೆ ಹಸಿವಾಗಿದೆ’ ಎಂದಾಗ ‘ಹಸಿವು’ ನಾಮಪದ. ‘ಐ ನೋ’ ಎಂಬಲ್ಲಿ ‘ನೋ’ ಪೂರ್ಣ ಕ್ರಿಯಾಪದ. ‘ನನಗೆ ಗೊತ್ತು’ ಎಂಬಲ್ಲಿರುವ ‘ಗೊತ್ತು’ ಕ್ರಿಯಾಪದದಂತೆ ರೂಪಗಳನ್ನು ತಾಳುವುದಿಲ್ಲ. ಆದಕಾರಣ ಕನ್ನಡದ ಪರೀಕ್ಷೆಯನ್ನು ಮೊದಲ ಸುಳಿವೆಂದು ಸ್ವೀಕರಿಸಿ, ಬಳಿಕ ಇಂಗ್ಲಿಷ್ ವಾಕ್ಯದ ನೆರೆಹೊರೆಯನ್ನು ನೋಡಿ ತೀರ್ಮಾನಿಸುವುದು ಕ್ಷೇಮ.

ಪಂಡಿತರಲ್ಲಿಯೂ ಭಿನ್ನಾಭಿಪ್ರಾಯಕ್ಕೆ ಎಡೆಗೊಡುವ ಪದಗಳಿವೆ. ‘ಸ್ಟೋನ್ ವಾಲ್’ ಎಂದರೆ ಕಲ್ಲಿನ ಗೋಡೆ. ಇಲ್ಲಿ ‘ಸ್ಟೋನ್’ ಗೋಡೆಯು ಎಂಥದೆಂದು ತಿಳಿಸುವುದರಿಂದ ವಿಶೇಷಣವೆಂದು ಕೆಲವರು ಹೇಳುತ್ತಾರೆ. ಆದರೆ ‘ವೆರಿ ಓಲ್ಡ್’ ಎಂದಂತೆ ‘ವೆರಿ ಸ್ಟೋನ್’ ಎನ್ನಲಾಗದು. ‘ಓಲ್ಡರ್’ ಎಂದಂತೆ ‘ಸ್ಟೋನರ್’ ಎನ್ನಲಾಗದು. ಆದ್ದರಿಂದ ಅದು ವಿಶೇಷಣದ ಕೆಲಸಕ್ಕೆ ಬಂದ ನಾಮಪದವೆಂದು ಇತರರು ವಾದಿಸುತ್ತಾರೆ. ಕನ್ನಡದ ‘ಕಲ್ಲಿನ’ ಎಂಬ ರೂಪವೂ ಷಷ್ಠೀ ವಿಭಕ್ತಿಯ ನಾಮಪದವೇ ಅಲ್ಲವೆ? ಹಳೆಯ ಎಂಟು ವರ್ಗಗಳಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಕೂರುವುದಿಲ್ಲವೆಂದು ಕಂಡ ಚಾರ್ಲ್ಸ್ ಫ್ರೈಸ್ ಎಂಬ ಅಮೆರಿಕದ ಭಾಷಾವಿಜ್ಞಾನಿಯು 1952ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಜನರು ಆಡಿದ ದೂರವಾಣಿ ಸಂಭಾಷಣೆಗಳನ್ನು ಪರಿಶೀಲಿಸಿ, ನಾಲ್ಕು ದೊಡ್ಡ ವರ್ಗಗಳನ್ನೂ ಹದಿನೈದು ಚಿಕ್ಕ ಗುಂಪುಗಳನ್ನೂ ಮಾಡಿದನು. ಆತನೂ ಪದವು ವಾಕ್ಯದಲ್ಲಿ ನಿಲ್ಲುವ ಸ್ಥಾನವನ್ನೇ ಮುಖ್ಯ ಪ್ರಮಾಣವೆಂದು ಹಿಡಿದನು. ಹೆಸರುಗಳ ವಿಷಯದಲ್ಲಿ ಚರ್ಚೆ ಇರಬಹುದು. ವಾಕ್ಯವನ್ನು ನೋಡದೆ ಹೆಸರಿಡಬಾರದೆಂಬ ವಿಷಯದಲ್ಲಿ ಚರ್ಚೆಯಿಲ್ಲ.

ಪದಗಳ ಪಟ್ಟಿಯನ್ನು ಮಾಡಿ ಒಂದೊಂದರ ಮುಂದೆಯೂ ಒಂದೊಂದು ವರ್ಗವನ್ನು ಬರೆದು ಬಾಯಿಪಾಠ ಮಾಡುವ ಅಭ್ಯಾಸ ಹಲವೆಡೆ ಇದೆ. ಅಂಥ ಪಟ್ಟಿಯಿಂದ ಒಂದೆರಡು ಅಂಕಗಳು ದೊರೆಯಬಹುದು. ಆದರೆ ಹೊಸ ವಾಕ್ಯವೊಂದು ಎದುರಾದಾಗ ಪಟ್ಟಿಯು ಕೈಕೊಡುತ್ತದೆ. ನಿಘಂಟನ್ನು ತೆರೆದಾಗ ಮೊದಲು ಕಂಡ ಅರ್ಥವನ್ನು ಹಿಡಿದು ಓಡದೆ, ಪದದ ಪಕ್ಕದಲ್ಲಿ ಚಿಕ್ಕ ಅಕ್ಷರಗಳಲ್ಲಿ ಅಚ್ಚಾಗಿರುವ ವರ್ಗಸೂಚನೆಯನ್ನು ಓದಿ, ವಾಕ್ಯದಲ್ಲಿ ಬೇಕಾದ ವರ್ಗದ ಅರ್ಥವನ್ನು ಆರಿಸಿಕೊಳ್ಳುವವನಿಗೆ ನಿಘಂಟು ನಿಜವಾದ ಸಹಾಯಕವಾಗುತ್ತದೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇಂಗ್ಲಿಷ್ ವ್ಯಾಕರಣವು ಕಬ್ಬಿಣದ ಕಡಲೆಯೆಂಬ ಅಳುಕು ಸಾಮಾನ್ಯವಾಗಿ ಇರುತ್ತದೆ. ಆದರೆ ಲೊಬ್ಬನು ಏನನ್ನು ತಿಮ್ಮಿದನೆಂದು ತಡವರಿಸದೆ ಹೇಳಬಲ್ಲವರಿಗೆ ಪದದ ಕೆಲಸವನ್ನು ಗುರುತಿಸುವ ಶಕ್ತಿ ಹುಟ್ಟಿನಿಂದಲೇ ಕೂಡಿಬಂದಿದೆ. ಕನ್ನಡದಲ್ಲಿ ಪದದ ತುದಿಯನ್ನು ನೋಡಿ ಅರಿತುಕೊಳ್ಳುವುದನ್ನು ಇಂಗ್ಲಿಷಿನಲ್ಲಿ ಪದದ ಅಕ್ಕಪಕ್ಕವನ್ನು ನೋಡಿ ಅರಿತುಕೊಳ್ಳಬೇಕು. ಹೊಸದಾಗಿ ಕಲಿಯಬೇಕಾದುದು ಇಷ್ಟೇ. ‘ಈ ಪದ ಯಾವುದು?’ ಎಂದು ಕೇಳುವುದರ ಬದಲು ‘ಈ ಪದ ಇಲ್ಲಿ ಏನು ಮಾಡುತ್ತಿದೆ?’ ಎಂದು ಕೇಳುವ ಅಭ್ಯಾಸವು ಬೆಳೆದರೆ, ಕಲಿಯುವ ಭಾಷೆ ಯಾವುದಾದರೂ ಅದರ ವಾಕ್ಯಗಳು ತಾವಾಗಿಯೇ ಅರ್ಥವನ್ನು ಬಿಟ್ಟುಕೊಡತೊಡಗುತ್ತವೆ.